ಐದನೆಯ ಹೆಸರು

ಆರಾಧನೆ ಮುಗಿದ ಮೇಲೆ ಯಾರೂ ಹೋಗಬೇಡಿ ಅಂದರು ಅಯ್ಯನವರು.
ಅರ್ಧ ಜನ ಹೋದರು.
ಉಳಿದವರು ಬೆಂಚು ತಿರುಗಿಸಿಕೊಂಡು ಕೂತೆವು,
ತೊಡೆಯ ಮೇಲೆ ಉಪ್ಪಿಟ್ಟಿನ ತಟ್ಟೆ.

ಅರಸೀಕೆರೆಯ ನಮ್ಮ ಸಭೆ ದೊಡ್ಡದೇನಲ್ಲ.
ಎಂಬತ್ತು ಮನೆ, ಮೂವತ್ತು ರೈಲ್ವೆಯವರದು.
ಹುಬ್ಬಳ್ಳಿ ಕಡೆಯ ಗಾಡಿ ಬಂದರೆ
ಪ್ರಸಂಗ ನಡುವಾಕ್ಯದಲ್ಲಿ ನಿಲ್ಲುತ್ತದೆ,
ಹೋದ ಮೇಲೆ ಅದೇ ಪದದಿಂದ ಮುಂದುವರಿಯುತ್ತದೆ.

ವಿಷಯ: ಯೌವನಸ್ಥರ ಸಂಘಕ್ಕೊಂದು ಮಾರ್ಗದರ್ಶನ ಸಮಿತಿ.
ಐದು ಜನ ಬೇಕು.
ಸಂಬಳವಿಲ್ಲ, ಖರ್ಚಿನ ಚೀಟಿಗೆ ಸಹಿ ಹಾಕುವವರಿಲ್ಲ.
ಯೌವನಸ್ಥರು ಹಿಂದೆ ನಿಂತು ಕಾಫಿ ಹಂಚುತ್ತಿದ್ದರು;
ಮಾತೆಲ್ಲ ಅವರದೇ, ಲೋಟ ತೊಳೆಯುವುದೂ ಅವರೇ.

ಪ್ರೇಮಲೀಲಾ ಟೀಚರ್ ಹೆಸರು ತಾನಾಗಿ ಬಿತ್ತು.
ಪಾರ್ಸಲ್ ಆಫೀಸಿನ ವಿಜಯರತ್ನ ಹ್ಞೂಂ ಅನ್ನಲಿಲ್ಲ,
ಉಹ್ಞೂಂ ಅನ್ನಲಿಲ್ಲ, ಬರೆದುಕೊಂಡರು.
ಕಾಂಪೌಂಡರ್ ಸೊಲೊಮೋನ್, ಮೂಲವ್ಯಾಧಿ ಇದೆ, ಕುರ್ಚಿ ಮೆತ್ತಗಿದ್ದರೆ ಬರ್ತೀನಿ ಅಂದ.
ನಾಲ್ಕನೆಯವನು ಎಲ್‌ಐಸಿ ಜಯವಂತ, ತಾನೇ ಎದ್ದು ನಿಂತ:
‘ಈಗಿನವಕ್ಕೆ ಭಯ ಅನ್ನೋದೇ ಇಲ್ಲ.
ಹೇಳಿದ ಕಡೆ ನಿಲ್ಲೋದಿಲ್ಲ.
ಕಂಬಿ ಹಾಕ್ಬೇಕು ಇವಕ್ಕೆ, ಕಂಬಿ.’

ನಾನು ಅವನ ಕುತ್ತಿಗೆಯನ್ನೇ ನೋಡುತ್ತಿದ್ದೆ.
ತೊಂಬತ್ನಾಲ್ಕರಲ್ಲಿ ಅದು ಇನ್ನೂ ಸಣ್ಣಗಿತ್ತು.
ಎಂಟನೇ ಕ್ಲಾಸು. ಗೇಟು ಹಾಕಿದ್ದೇನೆ,
ಗೂಡ್ಸಿನ ದೀಪ ತಿರುವಿನಲ್ಲಿ ಕಂಡಿದೆ,
ಇವನು ಸೈಕಲ್ ಮಲಗಿಸಿಕೊಂಡು ಕಂಬಿಯಡಿ ನುಸಿಯುತ್ತಿದ್ದಾನೆ.
ಕಾಲರಿಗೆ ಕೈ ಹಾಕಿ ಎಳೆದೆ.
ಗುಂಡಿಯೊಂದು ಕಿತ್ತು ನನ್ನ ಕೈಗೆ ಬಂತು.
ಬೈಯಲು ಬಾಯಿ ತೆರೆದರೆ ಐವತ್ತೆರಡು ಡಬ್ಬಿಯ ಸದ್ದು.
ಅದು ದಾಟುವ ಹೊತ್ತಿಗೆ ಅವನಿರಲಿಲ್ಲ.

ಹೇಳಬಹುದಿತ್ತು. ಉಪ್ಪಿಟ್ಟು ನುಂಗಿದೆ.

ಐದನೆಯದಕ್ಕೆ ಎಲ್ಲರೂ ನೆಲ ನೋಡಿದರು.
ಮಿನಿಟ್ಸ್ ಬರೆಯುತ್ತಿದ್ದ ಜೆಮಿಮಾ ಪೆನ್ನೆತ್ತಿ,
‘ಸುವಾರ್ತಮ್ಮ ಆಂಟಿ ಅಂತ ಬರೀಲಾ?’ ಅಂದಳು,
ಯಾರ ಒಪ್ಪಿಗೆಗೂ ಕಾಯದೆ ಬರೆದೂಬಿಟ್ಟಳು.

ಎದ್ದು ಹೇಳಿದೆ: ನಂಗೇನ್ ಗೊತ್ತು ಕಣಮ್ಮ?
ಯಜಮಾನ್ರು ಹೋದ ಮೇಲೆ ಸಿಕ್ಕ ಕೆಲ್ಸ,
ಇಪ್ಪತ್ತೆರಡು ವರ್ಷ ಗೇಟು ಹಾಕ್ದೆ, ಗೇಟು ತೆಗ್ದೆ.
ಹಿಂದಿನಿಂದ ರೂಬೆನ್, ಕೈಯಲ್ಲಿ ಕಾಫಿ ಜಗ್ಗು:
‘ಆಂಟಿ, ಅಲ್ಲೀಗ ಗೇಟೇ ಇಲ್ಲ, ಅಂಡರ್‌ಪಾಸು!’
ಎಲ್ಲರೂ ನಕ್ಕರು. ನಾನೂ ನಕ್ಕೆ.
ಮಳೆ ಬಂದರೆ ಆ ಅಂಡರ್‌ಪಾಸಿನಲ್ಲಿ ಎದೆಮಟ್ಟ ನೀರು,
ಅದನ್ನು ಆಗ ನೆನಪಿಸಲಿಲ್ಲ.

ಅಯ್ಯನವರು ಪ್ರಾರ್ಥನೆ ಮಾಡಿ ಮುಗಿಸಿದರು.
ಕಣ್ಣು ತೆರೆದಾಗ ನನ್ನ ಮುಂದೆ ಒಂದು ಕೀಲಿ,
ಹಳೇ ಹಾಲಿನದು. ‘ಬುಧವಾರ ಸಂಜೆ ತೆಗೆದುಕೊಡಿ.
ಹೋಗಲು ಜಾಗವಿಲ್ಲದೆ ಪ್ಲಾಟ್‌ಫಾರಂ ಮೇಲೆ ಕೂರುತ್ತಾರಂತೆ,
ಒಂಬತ್ತರವರೆಗೂ.’

ಬುಧವಾರ ಐದೂವರೆಗೇ ಹೋದೆ.
ಷಟರು ಸೊಂಟದೆತ್ತರಕ್ಕೆ ಬಂದು ಕಚ್ಚಿಕೊಂಡಿತು.
ಎಣ್ಣೆ ಬಿಟ್ಟೆ, ಒದ್ದೆ, ಮೇಲೇಳಲಿಲ್ಲ.
ಕೇರಂ ಬೋರ್ಡಿಗೆ ಪೌಡರು ಬಳಿದು, ಕಾಯಿ ಎಣಿಸಿ,
ಮೆಟ್ಟಿಲ ಮೇಲೆ ಕೂತೆ.
ಆರು. ಯಾರೂ ಇಲ್ಲ.
ಆರೂವರೆ. ಒಂದು ನಾಯಿ.
ಮೈಸೂರು ಗಾಡಿ ದಾಟುವಾಗ ಅಭ್ಯಾಸಬಲ, ಎದ್ದು ನಿಂತೆ,
ಬಲಗೈ ಇಲ್ಲದ ಹಸಿರು ಬಾವುಟ ಹಿಡಿಯಿತು.
‘ಯಾರಿಗೆ ಆಂಟಿ ಟಾಟಾ?’
ರೂಬೆನ್. ಹಿಂದೆ ಜೆಮಿಮಾ, ಹಿಂದೆ ಇನ್ನೂ ಆರೇಳು ಜನ.

ಒಬ್ಬೊಬ್ಬರೇ ಬಗ್ಗಿ ಷಟರಿನಡಿ ನುಸಿದರು,
ಬೆನ್ನಿನ ಬ್ಯಾಗು ತಾಗಿ ತಗಡು ಗಡಗಡ ಅಂತು.
ಏಳೂಕಾಲಿಗೆ ಸ್ಕೂಟರ್ ನಿಲ್ಲಿಸಿ ಬಂದವನು ಜಯವಂತ.
ಷಟರನ್ನು ನೋಡಿದ, ನನ್ನನ್ನು ನೋಡಿದ.
ಹೊಟ್ಟೆ ಬೆಳೆದಿದೆ, ಮೊದಲಿನಷ್ಟು ಸಲೀಸಲ್ಲ.
ಒಂದು ಕೈ ನೆಲಕ್ಕೂರಿ ಬಗ್ಗಿದ.

ನಾನು ಪಕ್ಕದಲ್ಲೇ ನಿಂತಿದ್ದೆ.
ಕಾಲರಿಗೆ ಕೈ ಹಾಕಲಿಲ್ಲ.