ಚುಕ್ಕಿ ಕೂಡುವ ಜಾಗ

ಸಂತೆಪೇಟೆಯ ಕಲಾಯಿ ಅಂಗಡಿಯಲ್ಲಿ
ದಸ್ತಗೀರ್ ಸಾಬರು ಮೊದಲು ಕೊಟ್ಟದ್ದು ಎರಡು ಕಾಸು.
ಎರಡರಲ್ಲೂ ಆನೆ, ಎರಡೂ ಎಡಕ್ಕೆ ಮುಖ,
ಎರಡೂ ಹುಣಸೆಹಣ್ಣು ಕಾಣದೆ ಕಪ್ಪಾದ ತಾಮ್ರ.
"ಏನು ಬ್ಯಾರೆ ಐತೆ ಹೇಳವ್ವ."
ಏನೂ ಇಲ್ಲ, ಅಂದೆ.
"ಹಂಗಾದ್ರೆ ನಾಳೆ ಬಾ."

ನಾಳೆಯೂ ಅವೇ ಎರಡು.
ಮೂರನೆಯ ದಿನ ಬಾಲ ಕಂಡಿತು:
ಒಂದರದು ನೆಟ್ಟಗೆ ಇಳಿದಿದೆ,
ಇನ್ನೊಂದರದು ನೊಣ ಓಡಿಸುವ ಹಾಗೆ
ತುದಿಯಲ್ಲಿ ತುಸು ಮೇಲಕ್ಕೆ.
ಹೇಳಿದೆ. ಅವರು ಚಹಾ ತರಿಸಿದರು.

"ಆನೆ ನೋಡಬ್ಯಾಡ, ಸಂದಿ ನೋಡು.
ಸೊಂಡಿಲಿಗೂ ದಂತಕ್ಕೂ ನಡುವೆ ಎಷ್ಟು ಬಯಲು,
ಮುಂಗಾಲು ಗೆರೆ ಮುಟ್ಟೈತೋ ತೇಲೈತೋ.
ಸವೆದಿದ್ದಕ್ಕೆ ಮೋಸ ಹೋಗಬ್ಯಾಡ,
ಸವೆಸೋದು ಜೇಬಿನ ಕೆಲಸ,
ಕೆತ್ತೋದು ಕೈಯ ಕೆಲಸ."

ಹಿಂಬದಿಯ ಫಾರಸಿ ನನಗೆ ಬಾರದು.
ಅವರೇ ಬೆರಳಿಟ್ಟು ಓದುತ್ತಿದ್ದರು: ಫರ್ರುಖ್‌ಯಾಬ್ ಹಿಸಾರ್.
ನಮ್ಮ ದುರ್ಗವೇ ಅದು,
ಕೆಲವು ವರ್ಷ ಆ ಹೆಸರಿಗೆ ಓಗೊಟ್ಟಿತ್ತಂತೆ.
ಬಾಗಿಲಾಚೆ ಬಂಡೆಗಳು
ಯಾವ ಹೆಸರಿಗೂ ತಿರುಗಿ ನೋಡದೆ
ಬಿಸಿಲು ಕಾಯಿಸುತ್ತಿದ್ದವು.

ಆಗ ನನ್ನ ಕೆಲಸ ಲಕ್ಷ್ಮಿ ಬಜಾರಿನ ಪ್ರೆಸ್ಸಿನಲ್ಲಿ,
ಅಚ್ಚಿನ ಮೊಳೆ ಜೋಡಿಸುವುದು.
ಉಲ್ಟಾ ಅಕ್ಷರ ಓದಿ ಓದಿ
ಬಸ್ಸಿನ ಬೋರ್ಡೇ ತಿರುವುಮುರುವು ಅನ್ನಿಸುತ್ತಿದ್ದ ಕಾಲ.
ಮದುವೆ ಕಾರ್ಡಿನ ನೆತ್ತಿಗಿಡುವ ದಪ್ಪ 'ಶ್ರೀ'
ಒಂದು ಮಾಘದಲ್ಲಿ ಕೈಜಾರಿ ಬಿತ್ತು.
ರವೊತ್ತಿನ ತುದಿ ಅಕ್ಕಿನುಚ್ಚಿನಷ್ಟು ಮುಕ್ಕು.
ಯಾರಿಗೂ ಹೇಳಲಿಲ್ಲ.
ಆಮೇಲಿನ ಮದುವೆಗಳೆಲ್ಲ ಆ ಮುಕ್ಕಿನಿಂದಲೇ ಶುರುವಾದವು.
ಹೊಳಲ್ಕೆರೆಯಲ್ಲೋ ಹಿರಿಯೂರಿನಲ್ಲೋ
ಗೋಡೆಯ ಮೊಳೆಗೆ ಸಿಕ್ಕಿಸಿದ ಹಳೇ ಕಾರ್ಡು ಕಂಡರೆ
ಮದುಮಕ್ಕಳ ಹೆಸರಿಗೆ ಮೊದಲು ಅದನ್ನೇ ಹುಡುಕುತ್ತೇನೆ:
ಇದು ಬೀಳುವ ಮುಂಚಿನದು.
ಇದು ಬಿದ್ದ ಮೇಲಿನದು.

ಹಾಗಾಗಿ ಅಚ್ಚು ಬಿರುಕು ಬಿಡುವ ಪಾಠ
ಬೇಗ ಹತ್ತಿತು ನನಗೆ.
ಐದು ಕಾಸು ಸಾಲಾಗಿಟ್ಟೆ.
ಮೊದಲನೆಯದರಲ್ಲಿ ಆನೆಯ ಬೆನ್ನು ನುಣ್ಣಗೆ,
ಎರಡನೆಯದಕ್ಕೆ ಕೂದಲೆಳೆ,
ಎಳೆ ದಾರವಾಗಿ, ದಾರ ಹುರಿಯಾಗಿ,
ಐದನೆಯದರ ಬೆನ್ನಿಗೊಂದು ಗಂಟು,
ಅಂಬಾರಿಯೇ ಅನ್ನಬೇಕು.
ಅಷ್ಟೂ ಒಂದೇ ಆನೆ,
ಸುತ್ತಿಗೆ ಬಿದ್ದ ಹಾಗೆಲ್ಲ ಮುದಿಯಾದದ್ದು.

ಸಾಬರು ಕಾಣದ್ದನ್ನು ನಾನು ಕಂಡದ್ದು
ಒಂದು ಶುಕ್ರವಾರ, ಅರ್ಧ ಬಾಗಿಲೆಳೆದು
ಅವರು ನಮಾಜಿಗೆ ಹೋಗಿದ್ದಾಗ.
ಅಂಚಿನ ಚುಕ್ಕಿಸಾಲು.
ಶುರುವಿನಲ್ಲಿ ಕೈ ಧಾರಾಳ,
ಸುತ್ತು ಬರುವಷ್ಟರಲ್ಲಿ ಜಾಗ ಸಾಲದೆ
ಕೊನೆಯ ಮೂರು ಚುಕ್ಕಿ ಮೈಗೆ ಮೈ.
ಸಾಲಿನ ಕೊನೆಗೆ ಪದ ಹಿಡಿಯದೆ
ನಡುವಿನ ತೆಳು ತಗಡು ಕಿತ್ತು ಕಿತ್ತು
ನಾನೆಷ್ಟು ಸಲ ಮೊಳೆ ತುರುಕಿಲ್ಲ!
ಟಂಕಸಾಲೆಯ ಮಬ್ಬಿನಲ್ಲಿ ಉಳಿ ಹಿಡಿದವನೂ
ತನ್ನನ್ನೇ ಬೈದುಕೊಂಡಿರಬೇಕು.
ಒಂದಕ್ಕೆ ಆ ಇಕ್ಕಟ್ಟು ಬಾಲದ ಹಿಂದೆ,
ಇನ್ನೊಂದಕ್ಕೆ ಕಾಲಡಿ, ಮತ್ತೊಂದಕ್ಕೆ
ಸೊಂಡಿಲು ನೀರೆರಚುವ ಕಡೆ.
ಬಾಲ ಸವೆದು ಹೋದ ಕಾಸೂ
ಇದೊಂದರಿಂದ ಸಿಕ್ಕಿಬೀಳುತ್ತಿತ್ತು.

ಸಾಬರು ಬಂದು ಭೂತಗನ್ನಡಿ ಹಿಡಿದರು.
ನೋಟುಬುಕ್ಕು ತೆಗೆದು ನಾಲ್ಕು ಅಂತ ಇದ್ದದ್ದನ್ನು
ಹೊಡೆದು ಏಳು ಅಂತ ಬರೆದರು.
ಖುಷಿಯೋ ಸಿಟ್ಟೋ ತಿಳಿಯಲಿಲ್ಲ.
"ಎಲ್ಲಾ ಮೊದಲಿಂದ ನೋಡಬೇಕಲ್ಲವ್ವ ಇನ್ನು."

ಈಗ ಅವರ ಕಣ್ಣಿಗೆ ಪೊರೆ,
ಕಾಸೆಲ್ಲ ಹೆಬ್ಬೆರಳ ಲೆಕ್ಕ.
ಪ್ರೆಸ್ಸು ಮುಚ್ಚಿ, ಮೊಳೆಗಳು ಗೋಣಿಚೀಲದಲ್ಲಿ
ಸೀಸದ ರೇಟಿಗೆ ಅವರ ತಕ್ಕಡಿಗೇ ಬಂದವು.
ಮೊನ್ನೆ ಹೋದಾಗ ಗಲ್ಲಾಪೆಟ್ಟಿಗೆ ತಡಕಿ
ನನ್ನ ಅಂಗೈಗೊಂದು ಮೊಳೆ ಇಟ್ಟರು.
ದಪ್ಪ ಶ್ರೀ. ತುದಿ ಮುಕ್ಕು.
"ನೀನೇ ಬೀಳಿಸಿದ್ದಲ್ಲ?
ಮನೆಗೆ ಬಂದ ಕಾರ್ಡೆಲ್ಲಾ ನೋಡ್ತಿದ್ದೆ,
ಆ ಮಾಘದಿಂದ ಈಚೆಗೆ."