ಬೆಳಿಗ್ಗೆ ಏನು ತಿಂದಿರಿ

ಕೇಬಲ್ಲು ಸುತ್ತುವುದನ್ನೇ ಹದಿನೈದು ದಿನ ಕಲಿಸಿದರು ಒಗ್ವೆನೊ ಮೇಷ್ಟ್ರು.
ಒಂದು ಸುತ್ತು ಮೇಲಿಂದ, ಮುಂದಿನದು ಒಳಗಿಂದ.
ಮೊಣಕೈಗೆ ಹಗ್ಗದ ಹಾಗೆ ಸುತ್ತಿದೆನೋ
ಮಾತಿಲ್ಲದೆ ಬಿಚ್ಚಿ ಮತ್ತೆ ನನ್ನ ಕೈಗೇ ಕೊಡುವರು.
"ತಂತಿಗೆ ನೆನಪಿರುತ್ತೆ, ಅಕೆಯೊ,
ಅದು ಮಲಗುವ ಮಗ್ಗುಲಿಗೇ ಮಲಗಿಸು."

ಸ್ಟುಡಿಯೊ ಅಂದರೆ ಕಿಸುಮುವಿನಲ್ಲಿ, ನ್ಯಾಲೆಂಡಾ ಗಲ್ಲಿಯ
ಕೋಳಿ ಅಂಗಡಿ ಹಿಂದಿನ ಕೋಣೆ.
ಗೋಡೆ ತುಂಬ ಮೊಟ್ಟೆಯ ಟ್ರೇ ಅಂಟಿಸಿದ್ದಾರೆ.
"ಅದರಿಂದ ಯಾವ ಸದ್ದೂ ನಿಲ್ಲೋದಿಲ್ಲ," ಮೇಷ್ಟ್ರೇ ನಗುತ್ತಾರೆ,
"ಬಂದವರಿಗೆ ಸ್ಟುಡಿಯೊ ಅನ್ನಿಸಬೇಕಲ್ಲ."
ಸದ್ದು ಕುಡಿಯುವುದು ಬಾಗಿಲಿಗೆ ಒರಗಿಸಿದ ಎರಡು ಹಾಸಿಗೆ.
ಒಂದರ ಮೇಲೆ ರಾತ್ರಿ ಅವರೇ ಮಲಗುವುದು ಎಂದು
ಬಹಳ ದಿನದ ಮೇಲೆ ಗೊತ್ತಾಯಿತು.

ಮೊದಲ ಪಾಠ: ಖಾಲಿ ಕೋಣೆಯನ್ನು ಒಂದು ನಿಮಿಷ ಹಿಡಿ.
ಖಾಲಿ ಎಲ್ಲಿತ್ತು?
ಹೆಡ್‌ಫೋನು ಕಿವಿಗಿಟ್ಟರೆ
ತಗಡಿನ ಮಾಡು ಬಿಸಿಲಿಗೆ ನೆಟಿಕೆ ಮುರಿಯುತ್ತಿತ್ತು,
ಮಟಾಟು ಹುಡುಗ ಕೊಂಡೆಲೆ ಕೊಂಡೆಲೆ ಎಂದು ಜನ ಕರೆಯುತ್ತಿದ್ದ,
ಗೋಡೆಯಾಚೆ ಒಂದು ಕೋಳಿ ಏನೋ ಹೇಳಹೊರಟು
ಅರ್ಧಕ್ಕೇ ನಿಲ್ಲಿಸಿತು.
ಮತ್ತೆ ಯಾರದೋ ಉಸಿರು, ತೀರ ಹತ್ತಿರ.
ಯಾರು ಅಂತ ತಿರುಗಿ ನೋಡಿದೆ. ನಾನೇ.
ಅವತ್ತು ಮನೆಗೆ ನಡೆದು ಹೋಗುವಷ್ಟರಲ್ಲಿ ತಲೆನೋವು,
ಇಪ್ಪತ್ತು ವರ್ಷದ ಕಿವಿಗೆ ಅಂದೇ ನಾಮಕರಣ ಆದ ಹಾಗೆ.

ಗೇನು ಅಂದರೆ ಉಪ್ಪು, ಎನ್ನುತ್ತಿದ್ದರು.
ಕಡಿಮೆಯಾದರೆ ಆಮೇಲೆ ಹಾಕಬಹುದು,
ಹೆಚ್ಚಾದರೆ ದೇವರೂ ತೆಗೆಯಲಾರ.

ಆ ಶನಿವಾರ ಮೇಷ್ಟ್ರು ಯಾರದೋ ಮಣ್ಣಿಗೆಂದು ಸಿಯಾಯಾಕ್ಕೆ ಹೋಗಿದ್ದರು.
ಮಿರುಕಾ ತಾತ ಬಂದರು, ಸೈಕಲ್ಲು ಪಂಕ್ಚರ್ ಹಾಕುವವರು,
ದುಪ್ಪಟಿಯಲ್ಲಿ ಸುತ್ತಿದ ಎಂಟು ತಂತಿಯ ನ್ಯಾತಿತಿ ಹೊತ್ತು.
ಗಿಡ್ಡ ಮಣೆ ಹಾಕಿ ಕೂತು ಹೆಬ್ಬೆರಳಿಗೆ ಕಬ್ಬಿಣದ ಉಂಗುರ ತೊಡಿಸಿದರು,
ಕಾಲಿನದಕ್ಕೆ.
ತಂತಿಗೊಂದು ಮೈಕು, ಬಾಯಿಗೊಂದು,
ಉಂಗುರಕ್ಕೆ ಯಾವ ಎತ್ತರ ಎಂದು ಗೊತ್ತಾಗದೆ
ನೆಲಕ್ಕೆ ಮಲಗಿ ಕಿವಿಯಿಂದಲೇ ಅಳೆದೆ.

"ತಾತ, ಮಟ್ಟ ನೋಡಬೇಕು. ಬೆಳಿಗ್ಗೆ ಏನು ತಿಂದಿರಿ, ಹೇಳಿ."
"ಚಹಾ. ನಿನ್ನೆಯ ಉಗಾಲಿ ಮುದ್ದೆ, ಗಟ್ಟಿಯಾಗಿತ್ತು.
ಒಮೆನಾ ಮೀನು ನಾಲ್ಕು.
ಐದಿತ್ತು. ಐದನೆಯದನ್ನು ಬೆಕ್ಕು ಒಯ್ದಿತು."
ಸರಿಯಾಗಿದೆ ಎಂದೆ. ನಿಲ್ಲಿಸಿದೆ.
ಕೈ ಒರೆಸಿಕೊಂಡೆ.

ಹನ್ನೊಂದು ನಿಮಿಷ ಹಾಡಿದರು.
ಸರೋವರದ ಮೇಲೆ ಅಂತರಗಂಗೆ ಮುಚ್ಚಿಕೊಂಡ ವರ್ಷ
ದೋಣಿ ಸಮೇತ ಸಿಕ್ಕಿಕೊಂಡ ತಮ್ಮನನ್ನು
ದಡದಿಂದ ಹೆಸರು ಹಿಡಿದು ಕೂಗಿದ ಹಾಡು.
ಅವರು ಕೂಗಿದಾಗೆಲ್ಲ ಪರದೆಯ ಮೇಲೆ ಹಸಿರು ಗೆರೆ ಏರಿತು,
ಕೆಂಪಿಗೆ ತಾಗಲಿಲ್ಲ, ನಾನು ಹೆಮ್ಮೆಪಟ್ಟೆ.
ಗೆರೆ ಕುಣಿಯುವುದೇ ಬೇರೆ, ಹಿಡಿದಿಡುವುದೇ ಬೇರೆ
ಎಂಬ ಪಾಠ ಇನ್ನೂ ಆಗಿರಲಿಲ್ಲ.
ಗುಂಡಿ ಒತ್ತಿರಲಿಲ್ಲ.

"ಬಂತಾ?" ಎಂದರು ಉಂಗುರ ಕಳಚುತ್ತ.
ಸುಳ್ಳು ಹೇಳಲು ಒಂದು ನಿಮಿಷ ಸಮಯವಿತ್ತು.
ಹೇಳಿದೆ, ನಿಜವನ್ನೇ, ಸ್ವರ ಒಡೆದು.
ಅವರು ನನ್ನನ್ನೂ ಮೈಕನ್ನೂ ನೋಡಿದರು.
"ಇನ್ನೊಂದು ಸಲ ಆಗೋಲ್ಲಮ್ಮ. ಅಂಗಡಿಯಲ್ಲಿ ಮೂರು ಟ್ಯೂಬು ಕಾಯ್ತಿವೆ."
ದುಪ್ಪಟಿ ಸುತ್ತಿಕೊಂಡು ಹೊರಟೇಬಿಟ್ಟರು.

ಸೋಮವಾರ ಮೇಷ್ಟ್ರು ಬೈಯಲಿಲ್ಲ.
ಕೋಣೆಯ ಕೇಬಲ್ಲುಗಳನ್ನೆಲ್ಲ ಬಿಚ್ಚಿ ನೆಲಕ್ಕೆ ಸುರಿದರು, ಸುತ್ತು ಎಂದರು.
ನಾನು ಸುತ್ತುತ್ತಿರುವಾಗ
ಉಳಿದಿದ್ದ ಆ ಇಪ್ಪತ್ತು ಸೆಕೆಂಡು ಹಾಕಿ ಕೇಳಿದರು, ಎರಡು ಸಲ.
"ಉಪ್ಪು ಸರಿಯಾಗಿದೆ."

ಈಗಲೂ ಅದು ನನ್ನ ಬಳಿ ಇದೆ, ಟೆಸ್ಟ್ ಒಂದು ಎಂಬ ಹೆಸರಲ್ಲಿ.
ಬೆಕ್ಕು ಒಯ್ದಿತು ಅನ್ನುವಲ್ಲಿ
ಅವರ ಕಿರುಬೆರಳು ಗೊತ್ತಿಲ್ಲದೆ ತಂತಿಗೆ ತಗಲುತ್ತದೆ.
ಒಂದೇ ಸಲ.
ಕೋಣೆ ಅದನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತದೆ,
ಆಮೇಲೆ ನಾನು "ಸರಿಯಾಗಿದೆ" ಎನ್ನುತ್ತೇನೆ.