ಮಸೂರದ ದರಪಟ್ಟಿ

ದುರ್ಗಿಗುಡಿಯ ಇಮ್ತಿಯಾಜ್ ತನ್ನ ಗೇಮ್ ಅಂಗಡಿ ಮುಚ್ಚಿದ ದಿನ
ಆರು ಸಾವಿರಕ್ಕೆ, ಚೌಕಾಸಿ ಮಾಡದೆ, ಕೊಂಡದ್ದು ಈ ವಿಆರ್ ಹೆಡ್‌ಸೆಟ್ಟು.
ಪಟ್ಟಿ ಹರಿದಿತ್ತು. ನಾಗವೇಣಿ ಲಂಗದ ಇಲಾಸ್ಟಿಕ್ ಹಾಕಿ ಹೊಲಿದು
'ಜಟಕಾ ಕುದುರೆಯ ಕಣ್ಣುಕಾಪು' ಅಂತ ಹೆಸರಿಟ್ಟಳು.

ಶಿವಮೊಗ್ಗ–ಹೊಸನಗರ, ಇಪ್ಪತ್ತೊಂಬತ್ತು ವರ್ಷ
ನಿಂತೇ ಹೋಗಿ ನಿಂತೇ ಬಂದ ಕಂಡಕ್ಟರು ನಾನು.
ಈಗ ವಿನೋಬನಗರದ ನಡುಕೋಣೆಯಲ್ಲಿ
ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು
ಕಡಲ ತಳಕ್ಕೆ ಇಳಿಯುತ್ತೇನೆ.
ಮೀನು ಬಂದರೆ ತಲೆ ಎಣಿಸುತ್ತೇನೆ.
ಕಂಕುಳಲ್ಲಿ ಕೈ ಚೀಲ ಹುಡುಕುತ್ತದೆ.
ತಿಮಿಂಗಿಲಕ್ಕೊಮ್ಮೆ ಬಾಯಿ ತಪ್ಪಿ
"ಒಳಗಡೆ ಹೋಗ್ರೀ, ಜಾಗ ಇದೆ" ಅಂದುಬಿಟ್ಟಿದ್ದೆ.

ಈಚೆಗೆ ಕಡಲು ಕಲಕಿದೆ.
ನೀಲಿ ಇದ್ದದ್ದು ಆರಿದ ಚಹಾ.
ದೀಪದ ಸುತ್ತ ಉಂಗುರ.
ಅದರ ಮೇಲೊಂದು ಸಂದೇಶ:
'ಈ ಮಾದರಿಗೆ ಇನ್ನು ಹೊಸ ಜಾಗಗಳು ಲಭ್ಯವಿರುವುದಿಲ್ಲ.'
ಎಷ್ಟು ಸಭ್ಯ ಮಾತು!
ಡಿಪೋದಲ್ಲಿ ನಮಗೆ ಇಷ್ಟು ನಯ ಇರಲಿಲ್ಲ.
ಬಸ್ಸಿನ ಕಿಲೋಮೀಟರು ತುಂಬಿತೋ,
ಬಾಗಿಲಿಗೆ ಸೀಮೆಸುಣ್ಣದಲ್ಲಿ ಒಂದು ಗೀಟು.
ಅಷ್ಟೆ.

ಹೊಸದಕ್ಕೆ ಮೂವತ್ತೆರಡು ಸಾವಿರ.
ಪಿಂಚಣಿ ಮೂರು ಸಾವಿರದ ನಾನೂರು.
ಒಂಬತ್ತೂವರೆ ತಿಂಗಳು ಉಸಿರು ಕಟ್ಟಿದರೆ
ಒಂದು ತಿಳಿಗಡಲು.
ಹಳೇ ವೇಬಿಲ್ಲಿನ ಬೆನ್ನಿಗೆ ಗೆರೆ ಎಳೆದು
ಬೇಕು, ಬೇಡ ಎಂದು ಬರೆಯುತ್ತ ಕೂತೆ.
ಬೇಕು: ತೂಕ ಕಮ್ಮಿ. ಹಿಮದ ಊರುಗಳು. ನೀಲಿ.
ಬೇಡ: ಇದರ ಬ್ಯಾಟರಿ ಇನ್ನೂ ನಲವತ್ತು ನಿಮಿಷ ಬರುತ್ತದೆ,
ಅಂದರೆ ಸ್ಟ್ಯಾಂಡಿನಿಂದ ಆಯನೂರಿನ ತನಕ.
ನಾನು ಸ್ನಾನಕ್ಕೆ ಹೋದಾಗ ನಾಗವೇಣಿ
ತಾನೇ ಒಂದು ಸಾಲು ಸೇರಿಸಿದ್ದಳು: ಮಿಕ್ಸಿ.

ಕೊನೆಗೆ ಇಮ್ತಿಯಾಜನಿಗೇ ತೋರಿಸಿದೆ.
ಸ್ಪಿರಿಟ್ಟಿನಲ್ಲಿ ಗಾಜು ಒರೆಸಿ, ಹಾಕಿಕೊಂಡು, ಆ ಕಡೆ ಈ ಕಡೆ ತಿರುಗಿ
"ಚೆನ್ನಾಗೇ ಇದೆಯಲ್ಲ ಸಾರ್, ಇದಕ್ಕೇನಾಗಿದೆ?" ಅಂದ.
ಆಮೇಲೆ ನನ್ನ ಮುಖವನ್ನೇ ನೋಡಿ,
"ಒಂದ್ಸಲ ಬಲಗಣ್ಣು ಮುಚ್ಚಿ."
ಮುಚ್ಚಿದೆ.
ಮಟಮಟ ಮಧ್ಯಾಹ್ನ
ಇಡೀ ದುರ್ಗಿಗುಡಿಗೆ ಮಂಜು ಇಳಿಯಿತು.

"ಪೊರೆ. ಎಡಗಣ್ಣಿನದು ಬಲಿತಿದೆ, ಬಲದ್ದು ಈಗ ಶುರು.
ಮಸೂರ ಬದಲಿಸಬೇಕು" ಎಂದ ಡಾಕ್ಟರಮ್ಮ
ಪ್ಲಾಸ್ಟಿಕ್ ಹೊದಿಸಿದ ದರಪಟ್ಟಿ ಮುಂದಿಟ್ಟರು.
ಇಲ್ಲಿನದು. ಮಡಚುವಂಥದು. ಹೊರದೇಶದ್ದು,
ದೂರಕ್ಕೂ ಹತ್ತಿರಕ್ಕೂ ಅದೇ ಸಾಕಂತೆ.
"ಯಾವ ಮಾದರಿ ಹಾಕೋಣ?"
ನಗು ತಡೆಯಲಾಗಲಿಲ್ಲ. ಅವರು ಬಿ.ಪಿ. ನೋಡಿದರು.

ಇದಕ್ಕೆ ಸೆಕೆಂಡ್‌ಹ್ಯಾಂಡ್ ಇಲ್ಲ.
ಒಮ್ಮೆ ಹಾಕಿದರೆ ಸೌದೆ ಏರುವ ತನಕ ಅದೇ.
"ಹಳೇದನ್ನ ಏನು ಮಾಡ್ತೀರಿ?"
"ಪುಡಿ ಮಾಡಿ ಹೀರಿಬಿಡ್ತೀವಿ."
ಅರವತ್ತೊಂದು ವರ್ಷ ಒಂದೇ ಬಾಗಿಲು.
ರಿಪ್ಪನ್‌ಪೇಟೆಯ ತಿರುವು, ಹಿಂದಿನ ಸೀಟಿನಲ್ಲಿ ವಾಂತಿ ಮಾಡಿದ ಮಗು,
ಮದುವೆ ಮಾತಿನ ದಿನ ಚಹಾ ತಂದ ನಾಗವೇಣಿಯ ಕೈ,
ಎಲ್ಲ ಹತ್ತಿದ್ದು ಅಲ್ಲೇ. ಟಿಕೆಟ್ಟು ಕೇಳಿದವನಲ್ಲ ನಾನು.

ನಡುವಿನ ದರದ್ದು ಹಾಕಿಸಿದೆ.

ನಲವತ್ತು ದಿನ ಕಳೆದು ಕುದುರೆ ಕಣ್ಣುಕಾಪು ಕಟ್ಟಿದೆ.
ನೀಲಿ! ಹೊಡೆಯುವಂಥ ನೀಲಿ.
ಆದರೆ ಕಡಲಿಗೆ ಅಡ್ಡಲಾಗಿ ಇದೇನು,
ಕಿಟಕಿಯ ಸೊಳ್ಳೆಜಾಲರಿಯಂತೆ ಸಣ್ಣ ಸಣ್ಣ ಚೌಕ?
ತಿಮಿಂಗಿಲ ಕಸೂತಿಯ ಹೊಲಿಗೆ.
ಮೊದಲಿನಿಂದ ಇದ್ದದ್ದೇ ಇದು;
ಮಂಜು ನನಗಾಗಿ ಮುಚ್ಚಿಟ್ಟಿತ್ತು.
ಪೆಟ್ಟಿಗೆ ಈಗ ನಿಜಕ್ಕೂ ಹಳೆಯದಾಯಿತು.

ವೇಬಿಲ್ಲು ಇನ್ನೂ ಗೋಡೆಯ ಮೊಳೆಯಲ್ಲಿದೆ.
ಮಿಕ್ಸಿ ಬಂತು.
ಬಲಗಣ್ಣಿಗೆ ಇನ್ನೊಂದು ವರ್ಷ ಸಮಯವಿದೆಯಂತೆ.

ರಾತ್ರಿ, ಎಡಗಣ್ಣು ಮುಚ್ಚಿ
ಬಲದಲ್ಲಿ ಮಾತ್ರ ಕಡಲಿಗೆ ಇಳಿಯುತ್ತೇನೆ.
ತೆಳು ಚಹಾದ ನೀರು. ಜಾಲರಿ ಇಲ್ಲ.
ತಿಮಿಂಗಿಲ ಇಡಿಯಾಗಿ ಬರುತ್ತದೆ.
ಒಳಗಡೆ ಹೋಗ್ರೀ,
ಇನ್ನೂ ಒಂದು ವರ್ಷ
ಜಾಗ ಇದೆ.